ಶಾನುಭೋಗರ ಕೂಗು

ಕಥೆ ಹೇಳುವವರು ಸಾಮಾನ್ಯವಾಗಿ ನಾಯಕನ ಮುಖದಿಂದ ಶುರು ಮಾಡುತ್ತಾರೆ. ಈ ಕಥೆಯನ್ನು ಗಂಟಲಿನಿಂದ ಶುರು ಮಾಡಬೇಕಾಗಿದೆ. ಏಕೆಂದರೆ ಹೊನ್ನೆಕೊಪ್ಪಲಿನ ಶಾನುಭೋಗ ಅಪ್ಪಾಜಿಯವರ ಮುಖವನ್ನು ಹೇಮಾವತಿಯ ಆಚೆ ದಡದವರು ಮಳೆಗಾಲದಲ್ಲಿ ಕಂಡದ್ದು ಕಡಿಮೆ, ಗಂಟಲನ್ನು ಕೇಳಿದ್ದೇ ಹೆಚ್ಚು. ನಂಬುವವರು ನಂಬಲಿ. ನಂಬದವರು ಹೊಳೆ ತುಂಬಿದಾಗ ದಡದಲ್ಲಿ ನಿಂತು ತಾವೇ ಒಮ್ಮೆ ಕೂಗಿ ನೋಡಲಿ.

ಐವತ್ತೆಂಟನೇ ಇಸವಿಯ ಆಷಾಢ. ಬೇಸಿಗೆಯಲ್ಲಿ ಮಕ್ಕಳು ಚಡ್ಡಿ ಮಡಿಸಿ ದಾಟುತ್ತಿದ್ದ ಹೊಳೆ ಈಗ ಕೆಂಪಗೆ ಉಬ್ಬಿಕೊಂಡು, ದಡದ ಹೊಂಗೆಮರಗಳ ಸೊಂಟದವರೆಗೆ ಏರಿ ಕೂತಿತ್ತು. ಹೊನ್ನೆಕೊಪ್ಪಲಿನ ಮಕ್ಕಳು ಓದುವ ಮಿಡ್ಲ್ ಸ್ಕೂಲು ಇದ್ದದ್ದು ಆಚೆ, ಹೊಳೆನರಸೀಪುರದ ಪೇಟೆಯಲ್ಲಿ. ಸೇತುವೆ ಬಳಸಿ ಹೋದರೆ ಶಾಲೆ ಸೇರುವ ಹೊತ್ತಿಗೆ ಮಧ್ಯಾಹ್ನದ ಬುತ್ತಿ ಬಿಚ್ಚುವ ಸಮಯವಾಗುತ್ತಿತ್ತು. ಆದ್ದರಿಂದ ಉಳಿದದ್ದು ಅಂಬಿಗರ ತಮ್ಮಯ್ಯನ ಹರಿಗೋಲು ಒಂದೇ.

ತಮ್ಮಯ್ಯನ ಗುಡಿಸಲಿದ್ದದ್ದು ಪೇಟೆಯ ಕಡೆ ದಡದಲ್ಲಿ. ಮಳೆಯ ಪರದೆ ಇಳಿದರೆ ಅವನಿಗೆ ಈಚೆ ದಡದಲ್ಲಿ ಆನೆ ನಿಂತರೂ ಕಾಣುತ್ತಿರಲಿಲ್ಲ. ಕೂಗಿದರೆ ಮಾತ್ರ ಗಾಳಿ ಎತ್ತಿಕೊಂಡು ಹೋಗಿ ಅವನ ಕಿವಿಗೆ ಹಾಕುತ್ತಿತ್ತು. ಹಾಗೆಂದು ಯಾರು ಕೂಗಿದರೂ ಬರುವಂತಿರಲಿಲ್ಲ. ತುಂಬಿದ ಹೊಳೆಗೆ ಹರಿಗೋಲು ಬಿಡಬೇಕಾದರೆ ಶಾನುಭೋಗರ ಕೂಗು ಬೀಳಬೇಕು. ಅದು ಅಪ್ಪಾಜಿಯವರ ತಂದೆಯ ಕಾಲದಿಂದ ಬಂದ ಕಟ್ಟಳೆ. ಪೂಜೆ ಮುಗಿಸಿ, ಕಾಫಿ ಕುಡಿದು, ಕಪ್ಪು ಕೊಡೆ ಬಿಚ್ಚಿ, ಮಗ ಚಲುವನಾರಾಯಣನನ್ನೂ ಮೇಲಿನ ಬೀದಿಯ ಮಕ್ಕಳನ್ನೂ ಹಿಂದಿಟ್ಟುಕೊಂಡು ಅಪ್ಪಾಜಿ ದಡಕ್ಕೆ ಬರುತ್ತಿದ್ದರು. ಮೊದಲು ಎತ್ತಿನಗಾಡಿ ಹಲಗೆಯ ಮೇಲೆ ಉರುಳಿದಂತೆ ಗಂಟಲು ಸರಿಮಾಡಿಕೊಳ್ಳುವುದು. ಬಳಿಕ ಮೆಲ್ಲಗೆ ಒಂದು "ನಾರಾಯಣ, ನಾರಾಯಣ." ಆಮೇಲೆ,

"ತಮ್ಮಯ್ಯಾ… ಹರಿಗೋಲು… ತಾರೋ…!"

ಆ ಕೊನೆಯ "ರೋ" ಗೋಪುರ ಹತ್ತಿ ಕಳಸ ಮುಟ್ಟಿ ಇಳಿಯುತ್ತಿತ್ತು. ತಮ್ಮ ದನಿಯ ಬಗ್ಗೆ ಅಪ್ಪಾಜಿಯವರಿಗೆ ಬಹಳ ಅಭಿಮಾನ. ದೇವಸ್ಥಾನದ ಗಂಟೆ ಬಿರುಕುಬಿಟ್ಟರೆ ತಾವು ಕೂಗಿ ನಡೆಸಬಹುದೆಂದು ಅವರು ಒಮ್ಮೆ ತಮಾಷೆಗೆ ಹೇಳಿದ್ದರು. ತಮಾಷೆಗೆ ಎಂದು ಗೊತ್ತಾದದ್ದು ಕೇಳಿದವರಿಗೆ ಮಾತ್ರ.

ಹರಿಗೋಲು ಬಂದರೆ ಮೊದಲ ಸುತ್ತು ಮೇಲಿನ ಬೀದಿಯ ಮಕ್ಕಳದು. ಎರಡನೇ ಸುತ್ತು ಕೇರಿಯ ಮಕ್ಕಳದು. ಕೇಳುವುದಕ್ಕೆ ಇದು ಸಣ್ಣ ವಿಷಯ. ಆದರೆ ಆ ಸೆಳವಿನಲ್ಲಿ ಪ್ರತಿ ಸಲವೂ ಹರಿಗೋಲು ಬುಗುರಿಯಂತೆ ತಿರುಗುತ್ತ ಎಷ್ಟೋ ಕೆಳಗೆ ಹೋಗಿ ದಡ ಮುಟ್ಟುತ್ತಿತ್ತು. ತಮ್ಮಯ್ಯ ಅದನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು, ದೊಡ್ಡ ಆಮೆಯ ಹಾಗೆ ದಡದುದ್ದಕ್ಕೂ ನಡೆದು ಮೇಲಕ್ಕೆ ಬಂದು ಮತ್ತೆ ನೀರಿಗೆ ಬಿಡಬೇಕಿತ್ತು. ಎರಡನೇ ಸುತ್ತು ಆಚೆ ಸೇರುವಾಗ ಶಾಲೆಯ ಗಂಟೆ ಹೊಡೆದು, ಪ್ರಾರ್ಥನೆ ಮುಗಿದು, ಬೆತ್ತ ಕೆಲಸ ಶುರು ಮಾಡಿರುತ್ತಿತ್ತು. ಅಷ್ಟೇ ಅಲ್ಲ, ಕೇರಿಯ ಮಕ್ಕಳು ಇಳಿದ ಮೇಲೆ ಹರಿಗೋಲನ್ನು ತೊಳೆಯಬೇಕೆಂದು ಇನ್ನೊಂದು ಕಟ್ಟಳೆ. ಹೊಳೆಯಲ್ಲೇ ತೇಲುವ ಹರಿಗೋಲನ್ನು ಹೊಳೆಯ ನೀರಿನಿಂದಲೇ ತೊಳೆಯುವ ಈ ಕೆಲಸವನ್ನು ತಮ್ಮಯ್ಯ ಪ್ರಶ್ನೆ ಕೇಳದೆ ಮಾಡಿಕೊಂಡು ಬಂದಿದ್ದ.

ಆ ದಿನ ಅಪ್ಪಾಜಿ ಕೂಗಿ ಮುಗಿಸಿ ಕೊಡೆ ಸರಿಮಾಡಿಕೊಳ್ಳುತ್ತಿದ್ದಾಗ ಕೇರಿಯ ಮಾಯಮ್ಮ ಮಳೆಗೆ ಎಲೆಯ ಗೊರಗು ಹೊದ್ದು, ಮಾರು ದೂರದಲ್ಲಿ ನಿಂತು ಕೈಮುಗಿದಳು. ಪಕ್ಕದಲ್ಲಿ ಎಂಟನೇ ಕ್ಲಾಸಿನಲ್ಲಿ ಎಲ್.ಎಸ್., ಅಂದರೆ ಲೋಯರ್ ಸೆಕೆಂಡರಿ, ಪರೀಕ್ಷೆಗೆ ಓದುತ್ತಿದ್ದ ಅವಳ ಮಗಳು ಮುದ್ದಮ್ಮ, ಪುಸ್ತಕಗಳನ್ನು ಎದೆಗೆ ಅವುಚಿಕೊಂಡು.

"ಬುದ್ಧೀ, ಒಂದ್ ಮಾತು. ಎಡ್ಮಾಸ್ಟ್ರು ಯೋಳವ್ರಂತೆ, ಇನ್ನೊಂದ್ ಸಲ ಗಂಟೆ ತಪ್ಪುದ್ರೆ ನನ್ ಮಗಳ ಎಸ್ರ ಎಲ್ಲೆಸ್ ಪರೀಕ್ಸೆಗೆ ಕಳ್ಸಾಕಿಲ್ಲ ಅಂತ. ಮಕ್ಳೆಲ್ಲ ಒಂದೇ ಸುತ್ಗೆ ಓಗ್ಲಿ ಬುದ್ಧಿ. ಅರಿಗೋಲ್ನಾಗೆ ಅರ್ಧ ಜಾಗ ಸುಮ್ಕೆ ಖಾಲಿ ಓಯ್ತದೆ."

"ನಿನ್ನ ಮಗಳು ಓದಬಾರದು ಅಂತ ನಾನು ಯಾವತ್ತಾದರೂ ಅಂದಿದೀನೇ ಮಾಯಿ?" ಅಪ್ಪಾಜಿ ಕೇಳಿದರು. ಅವರ ದನಿಯಲ್ಲಿ ನಿಜವಾಗಿಯೂ ಬೇಸರವಿತ್ತು. "ಓದಲಿ. ಮೇಡಮ್ಮಾಗಲಿ, ಡಾಕ್ಟರಾಗಲಿ. ಎರಡನೇ ಸುತ್ತಿನಲ್ಲಿ ಹೋಗಿ ಆಗಲಿ ಅಂತೀನಿ, ಅಷ್ಟೇ. ಹಿಂದಿನಿಂದ ನಡೆದು ಬಂದದ್ದನ್ನ ನಾನು ಒಬ್ಬ ಮುರಿಯೋಕಾಗುತ್ತಾ?"

"ಎಲ್ಡನೇ ಸುತ್ಗೆ ಓದ್ರೆ ಗಂಟೆ ಒಡ್ದಿರ್ತದಲ್ಲ ಬುದ್ಧಿ."

"ಬೇಗ ಎದ್ದು ಬನ್ನಿ."

"ಬ್ಯಾಗ್ಲೇ ಬಂದಿವ್ನಿ. ನಿಮ್ ಕೂಗು ಬೀಳೋಗಂಟ ಅವ್ನು ಬರಾಕಿಲ್ವಲ್ಲ."

ಅಪ್ಪಾಜಿ ಮಾತು ತಿರುಗಿಸಿ, "ಮಡಿ ಮೈಲಿಗೆ ಅಂತ ಒಂದಿದೆಯಮ್ಮ," ಎಂದರು.

"ಆ ಅರಿಗೋಲ್ಗೆ ತೊಗಲು ಒಲ್ದಿದ್ದು ನನ್ ಗಂಡ ದ್ಯಾವಯ್ಯನೇ ಬುದ್ಧಿ. ಆ ತೊಗಲ್ ಮ್ಯಾಲೆ ಕುಂತ್ರೆ ಆಗ್ದಿರೋ ಮೈಲ್ಗೆ, ನನ್ ಮಗಳ ಪಕ್ಕ ಕುಂತ್ರೆ ಆಗ್ಬುಡ್ತದಾ?"

"ತೊಗಲು ಸದಾ ನೀರಿನಲ್ಲಿರುತ್ತೆ. ಅದು ಶುದ್ಧ."

"ಅಂಗಾರೆ ಇವಳ್ನೂ ಒಂದ್ಸಲ ಒಳೇಲಿ ಅದ್ದಿ ಕೂರುಸ್ಲಾ?"

ಮೇಲಿನ ಬೀದಿಯ ಮಕ್ಕಳೇ ಕಿಸಕ್ಕನೆ ನಕ್ಕರು. ಎಲ್ಲರಿಗಿಂತ ಮುಂಚೆ ನಕ್ಕವನು ಚಲುವನಾರಾಯಣ. ಅಪ್ಪಾಜಿ ಕೊಡೆಯ ಹಿಡಿಯಿಂದ ಅವನ ತಲೆಗೆ ಮೊಟಕಿ, "ನಿನ್ನ ಬಾಯಿ ಜಾಸ್ತಿಯಾಯಿತು ಮಾಯಿ," ಎಂದರು.

"ಊಂ ಬುದ್ಧಿ. ಬಾಯೊಂದೇ ಐತೆ ನನ್ತಾವ," ಎಂದಳು ಮಾಯಮ್ಮ. ಗಂಟೆ ತಪ್ಪಿಸಿಕೊಳ್ಳುವ ಬದಲು ಆ ದಿನ ಮಗಳನ್ನು ಶಾಲೆಗೇ ಕಳಿಸದೆ ಮನೆಗೆ ಕರೆದುಕೊಂಡು ಹೋದಳು.

ನಾಟಿಯ ಗದ್ದೆಯಲ್ಲಿ ಮಾಯಮ್ಮ ಊರವರ ದನಿಗಳನ್ನೆಲ್ಲ ಆಡಿ ತೋರಿಸಿ, ಹೆಂಗಸರು ನಕ್ಕು ನಕ್ಕು ಕೆಸರಿನಲ್ಲಿ ಕೂತುಬಿಡುವ ಹಾಗೆ ಮಾಡುತ್ತಾಳೆಂಬುದು ಊರಿಗೆಲ್ಲ ಗೊತ್ತಿತ್ತು. ಅಪ್ಪಾಜಿಯವರಿಗೂ ಗೊತ್ತಿತ್ತು. ಆ ದನಿಗಳಲ್ಲಿ ತಮ್ಮದೂ ಒಂದಿರಬಹುದೆಂದು ಮಾತ್ರ ಅವರಿಗೆ ಹೊಳೆದಿರಲಿಲ್ಲ.

ಮಾರನೆಯ ಬೆಳಿಗ್ಗೆ ಅಪ್ಪಾಜಿ ದೇವರ ಮನೆಯಲ್ಲಿ ಕೂತು ಗಂಟೆ ಆಡಿಸುತ್ತಿದ್ದಾಗ ಹೊಳೆಯ ಕಡೆಯಿಂದ ತೇಲಿಬಂತು:

"ತಮ್ಮಯ್ಯಾ… ಹರಿಗೋಲು… ತಾರೋ…!"

ಅವರ ಕೈಯಲ್ಲಿದ್ದ ಗಂಟೆ ನಿಂತಿತು. "ಗೋದಾ, ಈಗ ನಾನು ಕೂಗಿದೆನೇನೇ?"

ಹೆಂಡತಿ ಗೋದಮ್ಮ ಅಡಿಗೆಮನೆಯಿಂದ ಇಣುಕಿದಳು. "ನೀವು ಇಲ್ಲೇ ಕೂತಿದೀರಲ್ಲ."

"ನನ್ನ ದನಿ ಹೊಳೆ ಹತ್ತಿರ ಕೇಳಿಸಿತು."

"ಇಷ್ಟು ವರ್ಷ ಆಚೆಗೆ ಕಳಿಸಿದ್ದು ಇವತ್ತು ವಾಪಸ್ ಬಂದಿರಬೇಕು. ಪೂಜೆ ಮುಗಿಸಿ, ಕಾಫಿ ಆರಿಹೋಗತ್ತೆ."

ಅವರು ದಡ ತಲುಪಿದಾಗ ಹರಿಗೋಲೂ ಇಲ್ಲ, ಕೇರಿಯ ಮಕ್ಕಳೂ ಇಲ್ಲ. ಮಳೆಯೊಳಗಿಂದ ತಮ್ಮಯ್ಯನ ಆಮೆ ಆಚೆ ದಡದಲ್ಲಿ ಮೇಲಕ್ಕೆ ತೆವಳುತ್ತಿದ್ದದ್ದು ಮಸುಕಾಗಿ ಕಂಡಿತು. ಅಪ್ಪಾಜಿ ಕೂಗಿದರು. ಅವನು ಮೇಲಕ್ಕೆ ನಡೆದು, ಮತ್ತೆ ಹರಿಗೋಲು ನೀರಿಗೆ ಬಿಟ್ಟು ಬರುವಷ್ಟರಲ್ಲಿ ಶಾಲೆಯ ಹೊತ್ತು ಮೀರಿತ್ತು. ಆ ದಿನ ಚಲುವನಾರಾಯಣ ಮೊದಲ ಬಾರಿಗೆ ಬೆಂಚಿನ ಮೇಲೆ ನಿಂತು ಪ್ರಪಂಚವನ್ನು ಎತ್ತರದಿಂದ ನೋಡಿದ. ಮರುದಿನವೂ ಅದೇ ಕಥೆ. ಅದರ ಮರುದಿನವೂ.

ಸಂಜೆ ಮಕ್ಕಳನ್ನು ತಂದಿಳಿಸಿದ ತಮ್ಮಯ್ಯನನ್ನು ಅಪ್ಪಾಜಿ ದಡದಲ್ಲೇ ತಡೆದರು.

"ಏನೋ ತಮ್ಮಯ್ಯ, ಯಾರನ್ನ ಕೇಳಿ ನೀನು ಕೇರಿ ಮಕ್ಕಳನ್ನ ಮೊದಲು ಕರಕೊಂಡು ಹೋಗ್ತಿರೋದು?"

ತಮ್ಮಯ್ಯ ಕಣ್ಣು ಬಿಟ್ಟ. "ತಾವೇ ಕೂಗಿ ಯೋಳುದ್ರಲ್ಲಾ ಬುದ್ಧಿ? ಕೇರಿ ಮಕ್ಳು ಮೊದ್ಲು ಓಗ್ಲಿ, ನಮ್ ಉಡ್ಗ್ರು ಆಮ್ಯಾಕೆ ಬತ್ತಾರೆ ಅಂತವ. ನಾನೂವೆ ಅಂದ್ಕಂಡೆ, ಇದ್ಯಾಕೆ ಅಯ್ನೋರ್ಗೆ ಇಂಗಾಯ್ತು ಅಂತ. ಕೇಳಾನ ಅಂದ್ರೆ ನಾನ್ ಬರೋ ಒತ್ಗೆ ತಾವು ಮನೆಗ್ ಓಗಿರ್ತಿದ್ರಿ. ಆದ್ರೂ ತಮ್ ಮಾತು ಮೀರಾಕಾಯ್ತದಾ?"

"ನಾನು ಕೂಗಲಿಲ್ಲ ಕಣೋ!"

"ಚೆಂದಾಗ್ ಯೋಳ್ತೀರಿ. ಗಂಟ್ಲು ಸರಿ ಮಾಡ್ಕಂಡಿದ್ದೂ ಕೇಳುಸ್ತು. ನಾರಾಯ್ಣಾ ಅಂದಿದ್ದೂ ಕೇಳುಸ್ತು. 'ಲೇ ಅಂಬಿಗ, ನಿದ್ದೆ ಮಾಡ್ತಿದೀಯೇನೋ' ಅಂತ ಬೈದಿದ್ದೂ ಕೇಳುಸ್ತು. ತಮ್ಮನ್ ಬುಟ್ಟು ನನ್ನ ಅಂಗೆ ಬೈಯೋರು ಯಾರವ್ರೆ ಬುದ್ಧಿ?"

ಸುದ್ದಿ ಮನೆಗೆ ಬಂದಾಗ ಅಪ್ಪಾಜಿಯವರ ತಾಯಿ ಶ್ರೀರಂಗಮ್ಮನವರಿಗೆ ಕಾರಣ ಕೂಡಲೇ ಗೊತ್ತಾಯಿತು. "ನೀರಿನಲ್ಲಿ ಸತ್ತ ಯಾವುದೋ ಪ್ರೇತ ನಿನ್ನ ದನಿ ಹಿಡಕೊಂಡಿದೆಯೋ ಅಪ್ಪಾಜಿ. ದಿನಾ ಹೊಳೆ ಮುಂದೆ ನಿಂತು ಹಾಗೆ ಅರಚಬೇಡ ಅಂತ ಬಡಕೊಂಡೆ."

"ಅಮ್ಮ, ಪ್ರೇತಕ್ಕೆ ಹರಿಗೋಲು ಯಾಕೆ ಬೇಕು?" ಚಲುವನಾರಾಯಣ ಕೇಳಿದ. ಊರಲ್ಲಿ ಎಲ್ಲರೂ ಅಜ್ಜಿಯನ್ನು ಕರೆಯುತ್ತಿದ್ದಂತೆ ಅವನೂ 'ಅಮ್ಮ' ಎನ್ನುತ್ತಿದ್ದ.

"ಆಚೆಗೆ ಹೋಗೋಕೆ."

"ಆದರೆ ಅದು ಹೋಗೋದಿಲ್ವಲ್ಲ. ಕೇರಿ ಮಕ್ಕಳನ್ನ ಕಳಿಸತ್ತೆ."

"ಹಾಗಾದರೆ ಒಳ್ಳೇ ಪ್ರೇತ," ಎಂದಳು ಗೋದಮ್ಮ ಹೂವು ಕಟ್ಟುತ್ತ. "ಸ್ಕೂಲಲ್ಲಿ ಮುದ್ದಮ್ಮ ನಮ್ಮ ಚಲುವನ ಮುಂದಿನ ಬೆಂಚಿನಲ್ಲೇ ಕೂರ್ತಾಳೆ. ಮನೆಗೆ ಬಂದಮೇಲೆ ನಾವೇನು ಇವನನ್ನ ತೊಳೀತೀವಾ? ಹೊಳೆ ಮಧ್ಯ ಮಾತ್ರ ಯಾಕೆ ಅಷ್ಟು ಮಡಿ?"

"ಸ್ಕೂಲು ಸರ್ಕಾರದ್ದು," ಎಂದರು ಅಪ್ಪಾಜಿ.

"ಹೊಳೆ ನಿಮ್ಮದೇನು?"

ಶ್ರೀರಂಗಮ್ಮನವರು ಸೊಸೆಯ ಕಡೆ ಒಂದು ನೋಟ ಎಸೆದು, ಮಗನ ಗಂಟಲಿನ ಸುತ್ತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಘಾಟಿಗೆ ಮನೆಯವರೆಲ್ಲ ಕೆಮ್ಮಿದರು. ಪ್ರೇತ ಮಾತ್ರ ಕೆಮ್ಮಲಿಲ್ಲ. ಬೆಳಿಗ್ಗೆ ಮತ್ತೆ ಹೊಳೆಯ ಕಡೆಯಿಂದ ಅದೇ ಗಂಟೆಯಂಥ ದನಿ.

ಆ ವಾರ ತಾಲ್ಲೂಕು ಕಚೇರಿಯ ಕೆಲಸದ ಮೇಲೆ ಪೇಟೆಗೆ ಹೋದ ಅಪ್ಪಾಜಿಯವರಿಗೆ ಕಚೇರಿಯ ಮೆಟ್ಟಿಲಲ್ಲೇ ಹೆಡ್‌ಮಾಸ್ಟರು ನಂಜಪ್ಪನವರು ಎದುರಾದರು. ಎರಡು ಕೈಯಿಂದಲೂ ಅವರ ಕೈ ಹಿಡಿದುಕೊಂಡರು.

"ಏನ್ ಸ್ವಾಮಿ, ಊರ ಕಟ್ಟಳೇನೇ ಬದಲಾಯಿಸಿಬಿಟ್ರಲ್ಲ! ನಾವು ಪಾಠದಲ್ಲಿ ಬಾಯಿಬಡಕೊಂಡು ಹೇಳ್ತೀವಿ, ನೀವು ಮಾಡಿ ತೋರಿಸಿದಿರಿ. ಸ್ವಂತ ಮಗನ್ನ ಹಿಂದೆ ನಿಲ್ಲಿಸಿ ಕೇರಿ ಮಕ್ಕಳನ್ನ ಮೊದಲು ಕಳಿಸ್ತಿದೀರಂತೆ! ಪ್ರಾರ್ಥನೆಯಲ್ಲಿ ನಿಮ್ಮ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿದೆ."

ಕಚೇರಿಯ ಗುಮಾಸ್ತರೆಲ್ಲ ತಿರುಗಿ ನೋಡಿದರು. "ಅದು ನಾನಲ್ಲ" ಎಂದು ಹೇಳಲು ಅಪ್ಪಾಜಿ ಬಾಯಿ ತೆರೆದರು. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದರು. ಇಷ್ಟು ಜನರ ಮುಂದೆ ನಿಂತು, "ನಾನು ಅಷ್ಟು ಒಳ್ಳೆಯವನಲ್ಲ ಸ್ವಾಮಿ, ಅದು ಯಾರೋ ಬೇರೆ" ಎಂದು ಸಾಧಿಸುವುದು ಯಾರಿಂದ ಸಾಧ್ಯ?

"ಆದರೆ ಒಂದು ಮಾತು," ನಂಜಪ್ಪನವರು ದನಿ ತಗ್ಗಿಸಿದರು. "ನನ್ನ ರೂಲು ಎಲ್ಲರಿಗೂ ಒಂದೇ. ಮುದ್ದಮ್ಮನಿಗೆ ಹೇಳಿದ್ದನ್ನೇ ನಿಮ್ಮ ಚಲುವನಾರಾಯಣನಿಗೂ ಹೇಳಿದೀನಿ. ಇನ್ನೊಂದು ಸಲ ಗಂಟೆ ತಪ್ಪಿದರೆ ಪರೀಕ್ಷೆಗೆ ಹೆಸರು ಕಳಿಸೋದಿಲ್ಲ. ಕೂತು ಇನ್ನೊಂದು ವರ್ಷ ಅದೇ ಪಾಠ ಓದಲಿ. ಬೇಜಾರು ಮಾಡ್ಕೋಬೇಡಿ."

ಹೊಗಳಿಕೆಯ ಹಾರ, ಅದರ ಹಿಂದೆಯೇ ಬೆತ್ತ. ಅಪ್ಪಾಜಿ ಮನೆಗೆ ಬರುವ ದಾರಿಯುದ್ದಕ್ಕೂ ಸಿಟ್ಟಾಗಿದ್ದರು. ಚಪ್ಪಾಳೆಯ ವಿಷಯ ನೆನಪಾದಾಗ ಮಾತ್ರ ಸಿಟ್ಟು ಯಾಕೋ ಸ್ವಲ್ಪ ಸಡಿಲವಾಗುತ್ತಿತ್ತು.

ಮಾರನೆಯ ದಿನ ಅವರು, ಮಗನನ್ನು ಆ ದಿನ ಶಾಲೆಗೆ ಕಳಿಸುವುದು ಬೇಡವೆಂದು ಮನೆಯಲ್ಲಿ ಹೇಳಿ, ಪೂಜೆಯನ್ನೂ ಬಿಟ್ಟು, ಕೋಳಿ ಕೂಗುವ ಹೊತ್ತಿಗೆ ಹೊಳೆಯ ದಡದ ಲಕ್ಕಿ ಪೊದೆಯೊಳಗೆ ಹೋಗಿ ಕೂತರು. ಬಿಚ್ಚಿದರೆ ಗುಟ್ಟು ಬಯಲಾಗುತ್ತದೆಂದು ಕೊಡೆಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದರು. ಮಳೆ ಅವರ ತಲೆಯ ಮೇಲೆ ಬಿದ್ದು, ಜುಟ್ಟಿನಿಂದ ಇಳಿದು, ಮೂಗಿನ ತುದಿಯಲ್ಲಿ ನಿಂತು ಯೋಚಿಸಿ ಬೀಳುತ್ತಿತ್ತು. ಕೆಂಪಿರುವೆಗಳು ಪಂಚೆಯ ಜಾಡು ಹಿಡಿದು ಬಂದವು.

ಸ್ವಲ್ಪ ಹೊತ್ತಿಗೆ ಕೇರಿಯ ಮಕ್ಕಳ ಗುಂಪು ಬಂತು. ಮುಂದೆ ಮಾಯಮ್ಮ.

"ಅವ್ವಾ, ಇವತ್ತು ಬ್ಯಾಡ ಕಣವ್ವ," ಮುದ್ದಮ್ಮ ಅವಳ ಸೆರಗು ಜಗ್ಗಿದಳು. "ಅಯ್ನೋರ್ಗೆ ಗೊತ್ತಾದ್ರೆ ಸುಮ್ಕಿರ್ತಾರಾ?"

"ಗೊತ್ತಾದ್ರೆ ಗೊತ್ತಾಗ್ಲಿ ಬುಡು. ಇನ್ನೊಂದ್ ದಿನ ತಡ ಆಯ್ತೋ, ಪರೀಕ್ಸೆ ಓಯ್ತು. ನಿಮ್ಮಪ್ಪ ಆಗ್ಲೇ ಯೋಳಾಯ್ತು, ಇಸ್ಕೂಲ್ ಬುಟ್ರೆ ಮಾರ್ನೆ ದಿನ್ವೇ ನಾಟಿಗೆ ಅಂತ. ನನ್ ಸ್ವಂಟ ಬಗ್ಗಿರೋದು ಸಾಲ್ದಾ, ನಿಂದೂ ಬಗ್ಬೇಕಾ? ನಾನೇನ್ ಅವ್ರ ಮನೆ ಕದ್ನಾ? ಕೂಗ್ದೆ. ಅಷ್ಟೇಯಾ."

ಹೀಗೆಂದು ಮಾಯಮ್ಮ ಗೊರಗು ತೆಗೆದು ಮಗಳ ಕೈಗಿತ್ತಳು. ಎದೆ ಮುಂದೆ ಮಾಡಿ, ಹೊಟ್ಟೆಯನ್ನು ಅದಕ್ಕಿಂತ ಮುಂದೆ ಮಾಡಿದಳು. ಇಲ್ಲದ ಕೊಡೆ ಬಿಚ್ಚಿದಳು. ಇಲ್ಲದ ಜುಟ್ಟನ್ನು ಹಿಂದಕ್ಕೆ ತೀಡಿದಳು. ಎತ್ತಿನಗಾಡಿ ಹಲಗೆಯ ಮೇಲೆ ಉರುಳಿತು. "ನಾರಾಯಣ, ನಾರಾಯಣ." ಆಮೇಲೆ ಗಂಟೆ.

ಪೊದೆಯೊಳಗೆ ಅಪ್ಪಾಜಿಯವರ ರೋಮ ನಿಂತಿತು. ತಾವು ದಡದಲ್ಲಿ ನಿಂತಿರುವುದನ್ನು ತಾವೇ ಪೊದೆಯಲ್ಲಿ ಕೂತು ನೋಡುತ್ತಿದ್ದರು.

"ಕೇರಿ ಮಕ್ಕಳನ್ನ ಮೊದಲು ಕರಕೊಂಡು ಹೋಗೋ!" ಮಾಯಮ್ಮನ ಅಪ್ಪಾಜಿ ಗುಡುಗಿದರು. "ನಮ್ಮ ಚಲುವ ಇನ್ನೂ ಹಲ್ಲುಜ್ಜುತಾ ನಿಂತಿದಾನೆ, ಸೋಮಾರಿ ಮುಂಡೇದು!"

ಪೊದೆಯೊಳಗಿನ ಅಪ್ಪಾಜಿ ತಮಗೆ ತಿಳಿಯದಂತೆಯೇ ಹೌದೆಂದು ತಲೆಯಾಡಿಸಿದರು. ತಲೆಯಾಡಿಸಿದ ಮೇಲೆ ಸಿಟ್ಟು ಬಂತು. ಎದ್ದು ನಿಲ್ಲಬೇಕೆಂದುಕೊಂಡರು. ಎದ್ದರೆ, ಮೈಯೆಲ್ಲ ಇರುವೆ ಕಚ್ಚಿಸಿಕೊಂಡು ನೆನೆದ ಬೆಕ್ಕಿನಂತೆ ಪೊದೆಯಿಂದ ಹೊರಬಂದ ಶಾನುಭೋಗರನ್ನು ಈ ಹೆಂಗಸು ನಾಳೆ ನಾಟಿಯ ಗದ್ದೆಯಲ್ಲಿ ಹೇಗೆ ಆಡಿ ತೋರಿಸಬಹುದೆಂಬುದು ಕಣ್ಣಿಗೆ ಕಟ್ಟಿತು. ಬರುತ್ತಿದ್ದ ಸೀನನ್ನು ಎರಡು ಬೆರಳಿನಿಂದ ಹಿಸುಕಿ ಕೊಂದು ಅಲ್ಲೇ ಕೂತರು. ಹರಿಗೋಲು ಬಂತು, ಮಕ್ಕಳು ಹತ್ತಿದರು. ಮುದ್ದಮ್ಮ ಆಚೆ ದಡದ ಕಡೆಗೆ ಮುಖ ಮಾಡಿ, ಎಲ್ಲಿ ಗಂಟೆ ಕೇಳಿಸಿಬಿಡುತ್ತದೋ ಎಂದು ಕಿವಿಯಾನಿಸಿ ಕೂತದ್ದನ್ನು ಮಾತ್ರ ಅವರು ನೋಡಬಾರದೆಂದುಕೊಂಡರೂ ನೋಡಿದರು. ಚಲುವನೂ ಈಗೀಗ ಹಾಗೆಯೇ ಕೂರುತ್ತಿದ್ದ.

ಅದೇ ದಿನ ಅವರು ತಮ್ಮಯ್ಯನನ್ನು ಹಿಡಿದು, ಯಾರ ಹೆಸರನ್ನೂ ಹೇಳದೆ ಗುಟ್ಟಾಗಿ ಪಾಠ ಮಾಡಿದರು. "ನೋಡೋ, ಎರಡು ದನಿ ಇವೆ. ಒಂದು ನನ್ನದು, ಇನ್ನೊಂದು ಕಳ್ಳದನಿ. ನನ್ನ ದನಿ ಗಂಟೆ. ಕಳ್ಳದನಿ ಒಡಕು ಮಡಿಕೆ. ಕಿವಿಗೊಟ್ಟು ಕೇಳು. ಗಂಟೆಯಾದರೆ ಬಾ. ಮಡಿಕೆಯಾದರೆ ನಾನೇ ಬಂದು ಕಾಲು ಹಿಡಿದರೂ ಬರಬೇಡ. ನಾಳೆಯಿಂದ ನಾನೇ ಎಲ್ಲರಿಗಿಂತ ಮೊದಲು ಬಂದು ಕೂಗ್ತೀನಿ."

"ಅಂಗೇ ಆಗ್ಲಿ ಬುದ್ಧಿ. ಗಂಟೆ ಅಂದ್ರೆ ತಾವು. ಮಡ್ಕೆ ಅಂದ್ರೆ ಕಳ್ಳ. ನನ್ ಕಿವಿ ಸಾಮಾನ್ಯದ್ದಲ್ಲ, ಬುಡಿ."

ಮಾತು ಮುಗಿಯುವಷ್ಟರಲ್ಲಿ ಅಪ್ಪಾಜಿ ಸೀನಿದರು. ಪೊದೆಯಲ್ಲಿ ಕೊಂದಿದ್ದ ಸೀನು ಮಕ್ಕಳು ಮರಿಗಳ ಸಮೇತ ಎದ್ದು ಬಂದಿತ್ತು. ಸಂಜೆಗೆ ಮೂಗು ಕಟ್ಟಿತು. ಮಲಗುವ ಹೊತ್ತಿಗೆ ಗಂಟಲು ಕೆರೆಯತೊಡಗಿತು. ಗೋದಮ್ಮ ಮೆಣಸಿನ ಕಷಾಯ ಕೊಟ್ಟು, "ಎಲ್ಲಿ ನೆನೆದಿರಿ?" ಎಂದಳು. ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ದಡಕ್ಕೆ ಬಂದದ್ದು ಶಾನುಭೋಗರೇ. ಜೊತೆಗೆ ಚಲುವನಾರಾಯಣ, ಮೇಲಿನ ಬೀದಿಯ ಮಕ್ಕಳು. ಹಿಂದೆಯೇ ಬಂದ ಮಾಯಮ್ಮ ಅವರನ್ನು ಕಂಡು ಗಕ್ಕನೆ ನಿಂತಳು. ಮುದ್ದಮ್ಮನ ಮುಖ ಸಣ್ಣದಾಯಿತು. ಅಪ್ಪಾಜಿ ಗೆದ್ದವರ ಹಾಗೆ ಎದೆಯುಬ್ಬಿಸಿ ಗಂಟಲು ಸರಿಮಾಡಿಕೊಂಡರು. ಎತ್ತಿನಗಾಡಿಯ ಚಕ್ರ ಕಳಚಿಬಿದ್ದ ಸದ್ದಾಯಿತು.

"ತಮ್… ಕ್ರ್… ಅಯ್ಯಾ… ಹರಿ… ಕೊರ್… ತಾ… ಖೊಕ್!"

ಆಚೆಯಿಂದ ಉತ್ತರ ಬಂತು. ಗಾಳಿ ಎದುರಿದ್ದರೂ ತಮ್ಮಯ್ಯ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಕೂಗಿದ್ದರಿಂದ ಸ್ಪಷ್ಟವಾಗಿ ಕೇಳಿಸಿತು. "ಲೇಯ್, ಕಳ್ ದನೀ! ಒಡಕ್ ಮಡ್ಕೇ! ಅಯ್ನೋರು ನಂಗೆಲ್ಲಾ ಯೋಳವ್ರೆ ಕಣ್ಲಾ! ಓಗಿ ನಿಮ್ಮಪ್ಪನ್ ಕೂಗ್ಕೋ ಓಗು!"

ಅಪ್ಪಾಜಿ ಮತ್ತೆ ಕೂಗಿದರು. ಮತ್ತೂ ಕೂಗಿದರು. ಪ್ರತಿ ಕೂಗಿಗೂ ದನಿ ಇನ್ನಷ್ಟು ಸೀಳಿತು. ಆಚೆಯಿಂದ ಬರುತ್ತಿದ್ದ ಬೈಗುಳ ಇನ್ನಷ್ಟು ಕಳೆಕಟ್ಟಿತು. ಕೊನೆಗೆ ತಮ್ಮಯ್ಯ ಅವರ ವಂಶದ ಹಿರಿಯರನ್ನೂ ಮಾತಿಗೆಳೆದ. ಮಕ್ಕಳೆಲ್ಲ ಸೇರಿ ಕೂಗಿದರು. ಆ ಕೀಚಲು ನಡುಹೊಳೆಯಲ್ಲೇ ಮುಳುಗಿತು.

"ಅಪ್ಪಾ, ಹೊತ್ತಾಯ್ತು," ಚಲುವನ ದನಿಯೂ ಒಡೆದಿತ್ತು, ನೆಗಡಿಯಿಂದಲ್ಲ. "ಇವತ್ತು ತಪ್ಪಿದರೆ ಹೆಡ್‌ಮಾಸ್ಟರು…"

ಪಕ್ಕದಲ್ಲಿ, ಮಾರು ದೂರದಲ್ಲಿ, ಮುದ್ದಮ್ಮ ಸದ್ದಿಲ್ಲದೆ ಅಳುತ್ತ ಪುಸ್ತಕಗಳು ನೆನೆಯದಂತೆ ಸೆರಗಿನೊಳಗೆ ತುರುಕುತ್ತಿದ್ದಳು. ಅಪ್ಪಾಜಿ ಅವಳನ್ನು ನೋಡಿದರು, ಮಗನನ್ನು ನೋಡಿದರು. ಇಬ್ಬರ ಕಣ್ಣೂ ಒಂದೇ ಕಡೆ, ಆಚೆ ದಡದಲ್ಲಿ ನೆಟ್ಟಿತ್ತು. ಅವರು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಆಮೇಲೆ ಪಿಸುಗುಟ್ಟಿದರು. ಪಿಸುಮಾತಿಗಿಂತ ಹೆಚ್ಚಿನದು ಆ ಗಂಟಲಲ್ಲಿ ಉಳಿದೂ ಇರಲಿಲ್ಲ.

"ಮಾಯಮ್ಮಾ… ನೀನು ಕೂಗು."

'ಮಾಯಿ' ಹೋಗಿ 'ಮಾಯಮ್ಮ' ಆದದ್ದನ್ನು ಅವಳು ಗಮನಿಸಿದಳು. "ನಾನಾ ಬುದ್ಧಿ? ನಂಗೆಲ್ಲಿ ಕೂಗಾಕ್ ಬತ್ತದೆ?"

"ಬರುತ್ತೆ. ನಾನು ಕೇಳಿದೀನಿ."

"ಎಲ್ಲಿ ಕೇಳುದ್ರಿ?"

ಅಪ್ಪಾಜಿ ಕೊಡೆಯ ತುದಿಯಿಂದ ಲಕ್ಕಿ ಪೊದೆಯನ್ನು ತೋರಿಸಿದರು. ಮಾಯಮ್ಮ ಪೊದೆಯನ್ನು ನೋಡಿದಳು, ಅವರ ಕಟ್ಟಿದ ಮೂಗನ್ನು ನೋಡಿದಳು, ಅವರ ಕಾಲಿನ ಮೇಲೆ ಎದ್ದಿದ್ದ ಇರುವೆಯ ಗುಳ್ಳೆಗಳನ್ನು ನೋಡಿದಳು. 'ಅಯ್ಯೋ ಶಿವನೇ' ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಸೆರಗು ತೆಗೆದಾಗ ಮುಖದಲ್ಲಿ ನಗುವಿರಲಿಲ್ಲ.

"ಕೂಗ್ತೀನಿ ಬುದ್ಧಿ. ಅವ್ನು ಬತ್ತಾನೆ ಅಂತ್ಲೇ ಇಟ್ಕಳಿ. ಮೊದುಲ್ನೆ ಸುತ್ತು ಯಾರ್ದು?"

"ಎರಡು ಸುತ್ತಿಗೆ ಈಗ ಹೊತ್ತಿಲ್ಲ," ಅಪ್ಪಾಜಿ ಗೊರಗೊರ ಎಂದರು. "ಎಲ್ಲರೂ ಹೋಗಲಿ."

"ಇವತ್ತೊಂದ್ ದಿನವಾ?"

ಅವರು ಕೊಡೆ ಅಲುಗಿಸಿ, "ಕೂಗು ಮಾರಾಯ್ತಿ, ಗಂಟೆ ಹೊಡೀತಾರೆ," ಎಂದರು.

ಮಾಯಮ್ಮ ಗೊರಗು ತೆಗೆದಿಟ್ಟಳು. ನಿಜವಾದ ಅಪ್ಪಾಜಿಯವರ ಎದುರಿಗೇ ಎದೆ ಮುಂದೆ ಮಾಡಿದಳು. ಸಂಕೋಚದಿಂದ ಹೊಟ್ಟೆಯನ್ನು ಮಾತ್ರ ಇದ್ದಲ್ಲೇ ಬಿಟ್ಟಳು. ಗಂಟಲು ಸರಿಮಾಡಿಕೊಂಡಳು.

"ತಮ್ಮಯ್ಯಾ… ಹರಿಗೋಲು… ತಾರೋ…!"

"ಬಂದೇ ಬುದ್ಧೀ!" ಆಚೆ ದಡ ಸಂತೋಷದಿಂದ ಓಗೊಟ್ಟಿತು. "ಗಂಟೆ ಅಂದ್ರೆ ಗಂಟೆ!"

ಮಾಯಮ್ಮ ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಇವತ್ತಿನಿಂದ ಒಂದೇ ಸುತ್ತು ಕಣೋ!" ಶಾನುಭೋಗರ ದನಿ ಹೊಳೆಯ ಮೇಲೆ ಮೊಳಗಿತು. "ಮೇಲಿನ ಬೀದಿ, ಕೇರಿ, ಎಲ್ಲಾ ಮಕ್ಕಳೂ ಒಟ್ಟಿಗೆ! ತೊಳೆಯೋದು ಬಳಿಯೋದು ಏನೂ ಬೇಡ! ಇದು ನನ್ನ ಮಾತು, ತಿಳೀತೇನೋ!"

"ತಿಳೀತು ಬುದ್ಧೀ!"

ತಾನು ಆಡಿದ್ದಕ್ಕೆ ತನಗೇ ಭಯವಾಗಿ ಮಾಯಮ್ಮ ಬಾಯಿ ಮುಚ್ಚಿಕೊಂಡಳು. ಎಲ್ಲರೂ ಅಪ್ಪಾಜಿಯವರತ್ತ ತಿರುಗಿದರು. ಇಷ್ಟು ವರ್ಷ ತಮ್ಮ ದನಿಯನ್ನು ತಾವೇ ಮೆಚ್ಚಿಕೊಂಡು ಬಂದವರು ಅವರು. ಆದರೆ ಆ ದನಿಯಲ್ಲಿ ಇಂಥ ಮಾತನ್ನು ಕೇಳಿದ್ದು ಇದೇ ಮೊದಲು. ಆ ಮಾತು ಅದಕ್ಕೆ ಚೆನ್ನಾಗಿಯೇ ಹೊಂದಿತ್ತು. ತಪ್ಪೆಂದು ಹೇಳಲು ಬೇಕಾದರೆ ಕೈ ಬೀಸಬಹುದಿತ್ತು, ತಲೆ ಅಲ್ಲಾಡಿಸಬಹುದಿತ್ತು. ಅವರು ಕೊಡೆಯನ್ನು ಮುದ್ದಮ್ಮನ ಪುಸ್ತಕಗಳ ಮೇಲೆ ಹಿಡಿದರು.

ಹರಿಗೋಲು ಬಂತು. ಮಕ್ಕಳೆಲ್ಲ ಒಬ್ಬರನ್ನೊಬ್ಬರು ನೂಕುತ್ತ ಹತ್ತಿದರು. ಹೆಡ್‌ಮಾಸ್ಟರಿಗೆ ಒಂದು ಮಾತು ಹೇಳಿಬಿಡುತ್ತೇನೆಂದು ಸನ್ನೆ ಮಾಡಿ ಅಪ್ಪಾಜಿಯೂ ಹತ್ತಿ, ಇದ್ದ ಒಂದೇ ಜಾಗದಲ್ಲಿ, ಚಲುವನಿಗೂ ಮುದ್ದಮ್ಮನಿಗೂ ನಡುವೆ ಇಕ್ಕಟ್ಟಿನಲ್ಲಿ ಕೂತರು. ದಡದಲ್ಲಿ ಮಾಯಮ್ಮ ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು.

ನಡುಹೊಳೆಗೆ ಬಂದಾಗ ತಮ್ಮಯ್ಯನಿಗೆ ತನ್ನ ಸಾಹಸ ಹೇಳಿಕೊಳ್ಳದೆ ಇರಲಾಗಲಿಲ್ಲ.

"ಬುದ್ಧಿ, ಇವತ್ತು ಆ ಕಳ್ಳ ಸಿಕ್ಕಾಕ್ಕಂಡ! ತಾವು ಬರೋಕ್ ಮುಂಚೆ ಒಂದೇ ಸಮ ಬಾಯ್ ಬಡ್ಕತಿದ್ದ. ಅದೇನ್ ಗಂಟ್ಲು ಅಂತೀರಿ! ಕತ್ತೆಗ್ ಕೆಮ್ಮು ಬಂದಂಗೆ! ಒಂದೇ ಏಟ್ಗೆ ಕಂಡ್ ಇಡ್ದ್‌ಬುಟ್ಟೆ. ಅವ್ನ ತಾತ ಮುತ್ತಾತ ಎಲ್ರೂನೂ ಸೇರ್ಸಿ ಬೈದಿವ್ನಿ, ಇನ್ನ ಈ ಜಲ್ಮದಲ್ಲಿ ತಮ್ಮಂಗೆ ಕೂಗಾಕಿಲ್ಲ!"

ಮಕ್ಕಳು ಅಪ್ಪಾಜಿಯವರ ಮುಖ ನೋಡಲು ಧೈರ್ಯವಿಲ್ಲದೆ ನೀರು ನೋಡಿದರು. ಮುದ್ದಮ್ಮ ತುಟಿ ಕಚ್ಚಿ ಹಿಡಿದಳು. ಅಪ್ಪಾಜಿ, "ತಮ್ಮಯ್ಯ, ಆ ಕಳ್ಳ…" ಎಂದು ಶುರು ಮಾಡಿದರು. ಹೊರಬಂದದ್ದು ಕೆಮ್ಮಿದ ಕತ್ತೆಯ ದನಿಯೇ.

ತಮ್ಮಯ್ಯನ ಹುಟ್ಟು ನೀರಿನಲ್ಲೇ ನಿಂತಿತು. ಅವನ ಬಾಯಿ ತೆರೆದುಕೊಂಡಿತು. "ಅಂಗಾರೆ… ಆ ತಾತ ಮುತ್ತಾತ…"

"ನಮ್ಮವರೇ," ಎಂದರು ಅಪ್ಪಾಜಿ.

ಮೊದಲು ಚಲುವನಾರಾಯಣ ಸಿಡಿದ. ಆಮೇಲೆ ಮುದ್ದಮ್ಮ. ಆಮೇಲೆ ಹರಿಗೋಲೆಲ್ಲ. ಅಷ್ಟರಲ್ಲಿ ಅಪ್ಪಾಜಿಯವರ ಹೊಟ್ಟೆಯಲ್ಲಿ ಏನೋ ಕುಲುಕಿತು. ಹೆಗಲು ಅದುರಿತು. ಕಟ್ಟಿದ ಗಂಟಲನ್ನು ಒದ್ದು ತೆರೆದುಕೊಂಡು ನಗು ಹೊರಬಿತ್ತು. ಒಡಕು ಮಡಿಕೆ ಬಂಡೆಯ ಮೇಲೆ ಉರುಳಿದಂಥ ನಗು. ಹರಿಗೋಲು ಬೇಕಾದದ್ದಕ್ಕಿಂತ ಒಂದು ಸುತ್ತು ಹೆಚ್ಚೇ ತಿರುಗಿತು.

"ಅಲ್ಲಾಡ್‌ಬ್ಯಾಡಿ ಬುದ್ಧೀ, ಮುಳುಗ್ತೀವಿ!" ಎಂದು ತಮ್ಮಯ್ಯ ಬೊಬ್ಬೆ ಹೊಡೆದ.

ಹರಿಗೋಲು ದಡ ಮುಟ್ಟಿತು. ಮಕ್ಕಳು ಒಟ್ಟಿಗೆ ಹಾರಿ ಶಾಲೆಯ ಕಡೆಗೆ ಓಡಿದರು. ಮುದ್ದಮ್ಮ ಎಲ್ಲರಿಗಿಂತ ಮುಂದೆ, ಚಲುವ ಅವಳ ಹಿಂದೆ. ಗಂಟೆ ಇನ್ನೂ ಹೊಡೆದಿರಲಿಲ್ಲ. ಶಾನುಭೋಗ ಅಪ್ಪಾಜಿಯವರು ಮಾತ್ರ ಇಳಿಯಲಿಲ್ಲ. ಖಾಲಿ ಹರಿಗೋಲಿನ ನಡುವೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಈಚೆ ದಡದಲ್ಲಿ ನಿಂತಿದ್ದ ಮಾಯಮ್ಮನಿಗೂ ಕೇಳಿಸುವ ಹಾಗೆ ನಗುತ್ತಲೇ ಇದ್ದರು.